ಮೌನ ಸುವಾರ್ತೆಯಲ್ಲ

ಏಪ್ರಿಲ್ ಕಾಲಿಡುತ್ತಿದ್ದಂತೆ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ಬೇಸಿಗೆ ಶಿಬಿರಗಳ ಸುಗ್ಗಿ ಆರಂಭವಾಗುತ್ತದೆ. ಆರ್‌ಪಿಸಿ ಲೇಔಟ್, ಅತ್ತಿಗುಪ್ಪೆ, ವಿಜಯನಗರಗಳ ಗೋಡೆಗಳ ಮೇಲೆ ಚಿತ್ರಕಲೆ, ಸ್ಕೇಟಿಂಗ್, ಸುಗಮ ಸಂಗೀತ, ವೇದಗಣಿತ ಶಿಬಿರಗಳ ಭಿತ್ತಿಪತ್ರಗಳು ಒಂದರ ಪಕ್ಕ ಒಂದು ಕಾಣಿಸಿಕೊಳ್ಳುತ್ತವೆ. ಅವುಗಳ ನಡುವೆಯೇ ಚರ್ಚುಗಳು ನಡೆಸುವ ‘ವೆಕೇಷನ್ ಬೈಬಲ್ ಸ್ಕೂಲ್’ ಪ್ರಕಟಣೆಯೂ ಇರುತ್ತದೆ. ಜನರ ಬಾಯಲ್ಲಿ ಅದು ಬರೀ ‘ವಿಬಿಎಸ್’. ಒಂದು ವಾರ ಅಥವಾ ಹತ್ತು ದಿನ ಹಾಡು, ಬೈಬಲ್ ಕಥೆ, ಕರಕುಶಲ ಕಲೆ, ಆಟ, ನಡುವೆ ಒಂದಿಷ್ಟು ತಿಂಡಿ. ಸ್ವಲ್ಪ ದೊಡ್ಡ ಮಕ್ಕಳಿಗಾದರೆ ಊರ ಹೊರಗೆ ಎರಡು ಮೂರು ದಿನ ಉಳಿಯುವ ಶಿಬಿರ. ಕೆಲವೆಡೆ ಅಕ್ಕಪಕ್ಕದ ಕ್ರೈಸ್ತೇತರ ಮನೆಗಳ ಮಕ್ಕಳೂ ಗೆಳೆಯರ ಕೈ ಹಿಡಿದು ಹೋಗುವುದುಂಟು.

ಮಗುವನ್ನು ಗೇಟಿನೊಳಗೆ ಬಿಟ್ಟು ಹಿಂದಿರುಗುವ ತಾಯಿ ಅಥವಾ ತಂದೆ ಆ ಕ್ಷಣದಲ್ಲಿ ಕೊಡುವುದು ಶುಲ್ಕವನ್ನಷ್ಟೇ ಅಲ್ಲ. ಒಂದು ದೊಡ್ಡ ನಂಬಿಕೆಯನ್ನೂ ಕಡವಾಗಿ ಕೊಡುತ್ತಾರೆ. ಶಿಬಿರ ನಡೆಸುವವರು ದೇವರಿಗೆ ಹೆದರುವವರು ಎಂಬ ಭಾವನೆ ಇದ್ದಲ್ಲಿ ಈ ಕಡ ಇನ್ನೂ ಧಾರಾಳ. ಚರ್ಚಿನ ಶಿಬಿರಕ್ಕೆ ಅನ್ವಯಿಸುವ ಈ ಮಾತು ಮಠದ ಸಂಸ್ಕಾರ ಶಿಬಿರಕ್ಕೂ ಮಸೀದಿಯ ರಜಾಕಾಲದ ತರಗತಿಗೂ ಅಷ್ಟೇ ಅನ್ವಯಿಸುತ್ತದೆ. ಎಲ್ಲವೂ ಸುಸೂತ್ರವಾಗಿ ನಡೆದಾಗ ಈ ಕಡದ ನೆನಪು ಯಾರಿಗೂ ಆಗುವುದಿಲ್ಲ. ಕೆಡುಕು ಸಂಭವಿಸಿದ ದಿನ ಮಾತ್ರ ಅದರ ಲೆಕ್ಕ ಎದುರು ಬಂದು ನಿಲ್ಲುತ್ತದೆ. ಆ ದಿನ ಶಿಬಿರವು ಹೆತ್ತವರಿಗೆ ಏನು ಹೇಳುತ್ತದೆ, ಎಷ್ಟು ಬೇಗ ಹೇಳುತ್ತದೆ, ಯಾರ ಬಾಯಿಂದ ಹೇಳಿಸುತ್ತದೆ?

ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಅತ್ಯಂತ ಕಠೋರವಾಗಿ ಇಟ್ಟದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಒಂದು ಕ್ರೈಸ್ತ ಶಿಬಿರ. ಗ್ವಾಡಲೂಪೆ ನದಿಯ ದಡದಲ್ಲಿ 1926ರಲ್ಲಿ ಆರಂಭವಾದ ‘ಕ್ಯಾಂಪ್ ಮಿಸ್ಟಿಕ್’ ಬಾಲಕಿಯರ ಬೇಸಿಗೆ ಶಿಬಿರ. ಅಜ್ಜಿ, ತಾಯಿ, ಮಗಳು ಎಂದು ಮೂರು ತಲೆಮಾರುಗಳು ಅಲ್ಲಿ ಬೇಸಿಗೆ ಕಳೆದ ಕುಟುಂಬಗಳಿವೆ. 2025ರ ಜುಲೈ 4ರ ನಸುಕಿನಲ್ಲಿ ಆ ಪ್ರದೇಶದಲ್ಲಿ ಸುರಿದ ಮಳೆಗೆ ನದಿ ಸುಮಾರು 45 ನಿಮಿಷಗಳಲ್ಲಿ 26 ಅಡಿ ಏರಿತೆಂದು ಅಧಿಕಾರಿಗಳು ಹೇಳಿದರು. ರಾತ್ರಿ 1 ಗಂಟೆ 14 ನಿಮಿಷಕ್ಕೆ ಹವಾಮಾನ ಇಲಾಖೆ ದಿಢೀರ್ ಪ್ರವಾಹದ ಎಚ್ಚರಿಕೆ ನೀಡಿತ್ತು. ನದಿಗೆ ಹತ್ತಿರವಿದ್ದ ಕೊಠಡಿಗಳಲ್ಲಿ ಮಲಗಿದ್ದವರಲ್ಲಿ ಎಳೆಯ ಬಾಲಕಿಯರೇ ಹೆಚ್ಚು. 25 ಬಾಲಕಿಯರು ಮತ್ತು ಅವರನ್ನು ನೋಡಿಕೊಳ್ಳುತ್ತಿದ್ದ ಇಬ್ಬರು ಯುವತಿಯರು, ಒಟ್ಟು 27 ಮಂದಿ ನೀರುಪಾಲಾದರು. ಮಕ್ಕಳನ್ನು ಪಾರುಮಾಡಲು ಹೋದ ಶಿಬಿರದ ನಿರ್ದೇಶಕ ರಿಚರ್ಡ್ ಈಸ್ಟ್‌ಲ್ಯಾಂಡ್ ಅವರೂ ಪ್ರಾಣ ಕಳೆದುಕೊಂಡರು.

ಆ ದಿನ ಶಿಬಿರದಿಂದ ಪೋಷಕರಿಗೆ ಒಂದು ಇ-ಮೇಲ್ ಹೋಯಿತು. ನಿಮ್ಮ ಮಗಳು ಪತ್ತೆಯಾಗಿಲ್ಲದಿದ್ದರೆ ಈಗಾಗಲೇ ನಿಮಗೆ ತಿಳಿಸಲಾಗಿದೆ. ನಿಮ್ಮನ್ನು ಯಾರೂ ಖುದ್ದಾಗಿ ಸಂಪರ್ಕಿಸಿಲ್ಲವಾದರೆ ಮಗಳು ಪತ್ತೆಯಾಗಿದ್ದಾಳೆ ಎಂದು ತಿಳಿಯಿರಿ ಎಂಬುದು ಅದರ ಸಾರಾಂಶ. ಬರೆದವರ ಸಂಕಟ ಅರ್ಥವಾಗುವಂಥದೇ. ಶಿಬಿರದಲ್ಲಿ ವಿದ್ಯುತ್ ಇರಲಿಲ್ಲ, ಅಂತರ್ಜಾಲ ಇರಲಿಲ್ಲ. ನೂರಾರು ಮನೆಗಳಿಗೆ ಒಂದೊಂದಾಗಿ ಕರೆ ಮಾಡುವ ಬದಲು ಮೊದಲು ದುಃಖದ ಮನೆಗಳಿಗೆ ಕರೆ ಮಾಡೋಣ, ಉಳಿದವರಿಗೆ ಒಂದೇ ಪತ್ರ ಸಾಕು ಎಂಬ ಯೋಚನೆ ಅದರ ಹಿಂದೆ ಇದ್ದಿರಬೇಕು.

ಆದರೆ ಆ ವಾಕ್ಯವನ್ನು ಓದುವ ತಾಯಿಯ ಸ್ಥಾನದಲ್ಲಿ ನಿಂತು ನೋಡಬೇಕು. ಕರೆ ಬಂದಿಲ್ಲ ಎಂಬುದಕ್ಕೆ ಮಗಳು ಕ್ಷೇಮ ಎಂಬ ಅರ್ಥವೇ? ಅಥವಾ ಕರೆ ಮಾಡಬೇಕಾದವರಿಗೆ ಇನ್ನೂ ದೂರವಾಣಿ ಸಿಕ್ಕಿಲ್ಲ ಎಂದೇ? ತಂತಿ ಕಡಿದು, ರಸ್ತೆ ಕೊಚ್ಚಿಹೋಗಿರುವ ಹೊತ್ತಿನಲ್ಲಿ ಮೌನಕ್ಕೆ ಹತ್ತು ಅರ್ಥಗಳಿರುತ್ತವೆ. ಅದನ್ನೇ ಶುಭ ಸಮಾಚಾರವೆಂದು ಸ್ವೀಕರಿಸಿ ಎನ್ನುವುದು ಹೆತ್ತ ಕರುಳಿಗೆ ಹೊರಲಾಗದ ಹೊರೆ. ಹತ್ತಿರದ ಇಂಗ್ರಾಮ್ ಪಟ್ಟಣದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗಾಗಿ ಕಾದು ನಿಂತ ತಂದೆತಾಯಿಯರಿಗೆ ಬೇಕಾಗಿದ್ದುದು ತರ್ಕವಲ್ಲ, ಹೆಸರು. ಇಂಥ ಮಗು ಇಂಥ ಕಡೆ ಇದೆ, ನಾನು ಕಣ್ಣಾರೆ ಕಂಡೆ ಎಂಬ ಒಂದು ಮಾತು.

ಶಿಬಿರದ ಸಿಬ್ಬಂದಿಯಲ್ಲಿ ಹಲವರು, ಅವರಲ್ಲೂ ಹದಿಹರೆಯ ದಾಟಿರದ ಕೆಲವು ಹುಡುಗಿಯರು, ಆ ರಾತ್ರಿ ತೋರಿದ ಧೈರ್ಯವನ್ನು ಯಾರೂ ಅಲ್ಲಗಳೆಯಲಾರರು. ಆದರೆ ವ್ಯಕ್ತಿಗಳ ತ್ಯಾಗ ಬೇರೆ, ಸಂಸ್ಥೆಯ ಹೊಣೆ ಬೇರೆ. 2013ರಿಂದ 2020ರ ನಡುವೆ ಶಿಬಿರದ ಹತ್ತಾರು ಕಟ್ಟಡಗಳನ್ನು, ಮನವಿಯ ಮೇರೆಗೆ, ಕೇಂದ್ರ ವಿಪತ್ತು ನಿರ್ವಹಣಾ ಸಂಸ್ಥೆಯು ತನ್ನ ಪ್ರವಾಹ ನಕ್ಷೆಯ ಅಪಾಯ ವಲಯದಿಂದ ಹೊರಗಿಟ್ಟಿತ್ತು ಎಂಬುದು ದುರಂತದ ಬಳಿಕ ಬೆಳಕಿಗೆ ಬಂತು. ಪ್ರವಾಹಕ್ಕೆ ಎರಡೇ ದಿನ ಮೊದಲು, ಜುಲೈ 2ರಂದು, ರಾಜ್ಯದ ತಪಾಸಣಾಧಿಕಾರಿ ಶಿಬಿರದ ತುರ್ತು ಯೋಜನೆ ಕ್ರಮಬದ್ಧವಾಗಿದೆಯೆಂದು ದಾಖಲಿಸಿದ್ದರು. ನದಿಯ ಸ್ವಭಾವ ಯಾರಿಗೂ ಹೊಸದಲ್ಲ. 1987ರ ಜುಲೈನಲ್ಲಿ ಇದೇ ಗ್ವಾಡಲೂಪೆಯ ಪ್ರವಾಹ ಕಂಫರ್ಟ್ ಪಟ್ಟಣದ ಬಳಿ ಚರ್ಚಿನ ಶಿಬಿರವೊಂದರಿಂದ ಹೊರಟ ಬಸ್ಸಿಗೆ ಅಡ್ಡಬಂದು 10 ಮಂದಿ ಹದಿಹರೆಯದವರನ್ನು ಬಲಿ ತೆಗೆದುಕೊಂಡಿತ್ತು. ಹೆತ್ತವರಿಗೆ ಹೇಳಬೇಕಾದ ಮಾತು ಪ್ರವಾಹದ ದಿನ ಹುಟ್ಟುವುದಲ್ಲ. ಮಗು ಮಲಗುವ ಕೋಣೆ ನದಿಯಿಂದ ಎಷ್ಟು ದೂರ, ನೀರು ಬಂದರೆ ಯಾರು ಎಬ್ಬಿಸುತ್ತಾರೆ, ಎಲ್ಲಿಗೆ ಒಯ್ಯುತ್ತಾರೆ ಎಂಬುದನ್ನು ಹೆಸರು ನೋಂದಾಯಿಸುವ ದಿನವೇ ಹೇಳಬೇಕು.

ದುರಂತದ ನಂತರದ ಮಾತೂ ಸುಲಭವಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ಎತ್ತರದಲ್ಲಿರುವ ತನ್ನ ಇನ್ನೊಂದು ಆವರಣವನ್ನು 2026ರ ಬೇಸಿಗೆಗೆ ತೆರೆಯುವುದಾಗಿಯೂ ಮಡಿದವರಿಗೆ ಸ್ಮಾರಕ ನಿರ್ಮಿಸುವುದಾಗಿಯೂ ಶಿಬಿರವು ಕುಟುಂಬಗಳಿಗೆ ಪತ್ರ ಬರೆಯಿತು. ಒಬ್ಬ ಬಾಲಕಿಯ ದೇಹ ಆಗ ಇನ್ನೂ ಸಿಕ್ಕಿರಲಿಲ್ಲ. ನಮ್ಮನ್ನು ಒಂದು ಮಾತೂ ಕೇಳದೆ ಈ ನಿರ್ಧಾರ ಕೈಗೊಂಡಿರಿ ಎಂದು ಮಕ್ಕಳನ್ನು ಕಳೆದುಕೊಂಡವರು ಬಹಿರಂಗವಾಗಿಯೇ ನೊಂದು ನುಡಿದರು. ನವೆಂಬರ್‌ನಲ್ಲಿ ಹಲವು ಕುಟುಂಬಗಳು ನ್ಯಾಯಾಲಯದ ಮೆಟ್ಟಿಲೇರಿದವು. ಪತ್ರದಲ್ಲಿ ಪ್ರಾರ್ಥನೆಯ ಭಾಷೆ ಎಷ್ಟೇ ಮೃದುವಾಗಿದ್ದರೂ, ಮೊದಲು ಕೇಳಬೇಕಾದವರನ್ನು ಕೊನೆಗೆ ತಿಳಿಸಿದರೆ ಅದು ಸಾಂತ್ವನವಾಗುವುದಿಲ್ಲ. ಅಷ್ಟರಲ್ಲಿ ಟೆಕ್ಸಾಸ್ ಶಾಸನಸಭೆ ಮೌನವಾಗಿ ಕೂರಲಿಲ್ಲ. ಪ್ರವಾಹ ಬಯಲಿನಲ್ಲಿ ಮಕ್ಕಳ ವಸತಿ ಕೊಠಡಿಗಳಿರುವ ಶಿಬಿರಗಳಿಗೆ ಪರವಾನಗಿ ನಿರಾಕರಿಸುವ, ತುರ್ತು ಯೋಜನೆಯನ್ನು ಕಡ್ಡಾಯಗೊಳಿಸುವ ಶಾಸನಗಳಿಗೆ ಸೆಪ್ಟೆಂಬರ್ 5ರಂದು ರಾಜ್ಯಪಾಲರ ಅಂಕಿತ ಬಿತ್ತು. ಅದಕ್ಕಾಗಿ ರಾಜಧಾನಿಯಲ್ಲಿ ನಿಂತು ಒತ್ತಾಯಿಸಿದವರು ಮಡಿದ ಮಕ್ಕಳ ತಂದೆತಾಯಿಯರೇ.

ನೀರಿನ ಅಪಾಯ ಕಣ್ಣಿಗೆ ಕಾಣುತ್ತದೆ. ಕಾಣದ ಅಪಾಯದಲ್ಲಿ ಮೌನ ಇನ್ನೂ ಘೋರ. ಮಿಸೌರಿ ರಾಜ್ಯದ ‘ಕನಕುಕ್’ ಎಂಬ ಪ್ರಸಿದ್ಧ ಕ್ರೈಸ್ತ ಶಿಬಿರದಲ್ಲಿ ನಿರ್ದೇಶಕ ಹುದ್ದೆಯಲ್ಲಿದ್ದ ಪೀಟ್ ನ್ಯೂಮನ್ ಎಂಬಾತ ಬಾಲಕರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದಕ್ಕಾಗಿ 2010ರಲ್ಲಿ ಎರಡು ಜೀವಾವಧಿ ಶಿಕ್ಷೆಗೆ ಗುರಿಯಾದ. ಪರಿಹಾರದ ಒಪ್ಪಂದಗಳಲ್ಲಿ ಸೇರಿಸಿದ್ದ ‘ಯಾರಿಗೂ ಹೇಳಬಾರದು’ ಎಂಬ ಷರತ್ತು ಅನೇಕ ಸಂತ್ರಸ್ತರ ಬಾಯಿ ಕಟ್ಟಿತ್ತು. ಅಂಥ ಷರತ್ತುಗಳನ್ನು ಅಸಿಂಧುಗೊಳಿಸುವ ಕಾನೂನನ್ನು ಮಿಸೌರಿ ಮತ್ತು ಟೆಕ್ಸಾಸ್ ರಾಜ್ಯಗಳು ತಂದದ್ದು 2025ರಲ್ಲಿ. ನಡುವೆ ಕಳೆದದ್ದು ಹದಿನೈದು ವರ್ಷ.

ಇದೆಲ್ಲ ದೂರದೇಶದ ಕಥೆ, ನಮಗೇನು ಎಂದು ಕೈ ತೊಳೆದುಕೊಳ್ಳುವಂತಿಲ್ಲ. 2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಪ್ರವಾಸಕ್ಕೆಂದು ಹೋದ ಮುರ್ಡೇಶ್ವರದ ಕಡಲಲ್ಲಿ ಮುಳುಗಿ ಸತ್ತರು. ಆ ಹೊತ್ತಿನಲ್ಲಿ ಅವರ ತಂದೆತಾಯಿಯರು ನೂರಾರು ಕಿಲೋಮೀಟರ್ ಆಚೆ ಇದ್ದರು. 2023ರ ಡಿಸೆಂಬರ್ 1ರಂದು ಬೆಂಗಳೂರಿನ 40ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದಾಗ ಬಸವೇಶ್ವರನಗರವೂ ಆ ತಲ್ಲಣ ಕಂಡಿತು. ಟಿ.ವಿ. ಸುದ್ದಿ, ವಾಟ್ಸ್‌ಆ್ಯಪ್ ಸಂದೇಶ ಕಂಡ ತಂದೆತಾಯಿಯರು ಕೆಲಸ ಬಿಟ್ಟು ಶಾಲೆಗಳತ್ತ ಓಡಿದರು. ಬೆದರಿಕೆ ಹುಸಿಯಾಗಿತ್ತು, ಸರಿ. ಆದರೆ ಸಂಸ್ಥೆ ಬಾಯಿ ತೆರೆಯಲು ತಡಮಾಡಿದಲ್ಲಿ ಆ ಜಾಗವನ್ನು ವದಂತಿ ತುಂಬುತ್ತದೆ ಎಂಬ ಪಾಠ ಹುಸಿಯಲ್ಲ.

ನಮ್ಮ ಶಿಬಿರಗಳು ಸ್ವತಃ ಸಂಕಟ ಎದುರಿಸಿದ್ದೂ ಉಂಟು. 2020ರ ಮಾರ್ಚ್ 13ರಂದು ಕೊರೊನಾ ಭೀತಿಯಿಂದ ರಾಜ್ಯ ಸರ್ಕಾರ ಮಾಲ್, ಚಿತ್ರಮಂದಿರಗಳ ಜೊತೆಗೆ ಬೇಸಿಗೆ ಶಿಬಿರಗಳಿಗೂ ಮೊದಲು ಒಂದು ವಾರದ ತಡೆ ಹಾಕಿತು. ಒಂದು ವಾರ ಇಡೀ ಬೇಸಿಗೆಯಾಯಿತು. ವಿಬಿಎಸ್ ಹಾಡುಗಳನ್ನು ಮಕ್ಕಳು ಮೊಬೈಲ್ ಪರದೆಯಲ್ಲಿ ಕಲಿತರು. ಎಂದು ತೆರೆಯುತ್ತೇವೆ ಎಂಬ ಪ್ರಶ್ನೆಗೆ ‘ನಮಗೂ ಗೊತ್ತಿಲ್ಲ, ಗೊತ್ತಾದ ದಿನ ತಿಳಿಸುತ್ತೇವೆ’ ಎಂದು ನೇರವಾಗಿ ಹೇಳುವುದು ಆಗ ಎಲ್ಲ ಸಂಘಟಕರಿಗೂ ಕಷ್ಟವಾಗಿತ್ತು. ಪೋಷಕರಿಗೆ ಬೇಕಿದ್ದುದು ಆ ಉತ್ತರವೇ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡವರ ಮಾತನ್ನು ಜನ ಮುಂದೆ ಗೊತ್ತಿರುವುದನ್ನು ಹೇಳಿದಾಗಲೂ ನಂಬುತ್ತಾರೆ.

ಕರ್ನಾಟಕದ ಕ್ರೈಸ್ತ ಶಿಬಿರಗಳಿಗೆ ಇನ್ನೊಂದು ಇಕ್ಕಟ್ಟು ಇದೆ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರು ಮತ್ತಿತರೆಡೆ ಚರ್ಚುಗಳ ಮೇಲೆ ನಡೆದ ದಾಳಿಗಳ ನೆನಪು ಮಾಸಿಲ್ಲ. 2022ರಲ್ಲಿ ಬಂದ ಮತಾಂತರ ನಿಷೇಧ ಕಾಯ್ದೆ ಅಪ್ರಾಪ್ತರ ವಿಷಯದಲ್ಲಿ 3ರಿಂದ 10 ವರ್ಷಗಳ ಸೆರೆವಾಸ ವಿಧಿಸಿತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿದರೂ ಅನುಮಾನದ ನೋಟ ಸಂಪುಟದ ತೀರ್ಮಾನದಿಂದ ಅಳಿಯುವಂಥದಲ್ಲ. ಇಂಥ ವಾತಾವರಣದಲ್ಲಿ ಅಲ್ಪಸಂಖ್ಯಾತ ಸಂಸ್ಥೆಯೊಂದಕ್ಕೆ ಕಡಿಮೆ ಮಾತನಾಡುವುದೇ ಕ್ಷೇಮ ಎನ್ನಿಸುವುದು ಸಹಜ. ಒಂದು ಮಗು ಬಿದ್ದು ಕೈ ಮುರಿದುಕೊಂಡರೂ ಸುದ್ದಿಯಾದೀತೆಂಬ ಭಯ. ಆದರೂ ಆ ಭಯಕ್ಕೆ ಮೌನ ಔಷಧಿಯಲ್ಲ. ಶಿಬಿರದಲ್ಲಿ ಏನು ಕಲಿಸುತ್ತೇವೆ, ಯಾವ ಕಥೆ, ಯಾವ ಪ್ರಾರ್ಥನೆ ಎಂಬುದನ್ನು ಅನ್ಯಧರ್ಮೀಯ ಪೋಷಕರಿಗೂ ಮುಂಚಿತವಾಗಿ ಬರಹದಲ್ಲಿ ತಿಳಿಸಿ ಅವರ ಸಹಿ ಪಡೆದ ಸಂಸ್ಥೆಗೆ, ನಾಳೆ ಯಾರಾದರೂ ಬಾಗಿಲ ಬಳಿ ಕೂಗಾಡಿದರೆ, ಆ ಪೋಷಕರೇ ಸಾಕ್ಷಿಗಳಾಗಿ ನಿಲ್ಲಬಲ್ಲರು.

ಇನ್ನು ಕಾನೂನಿನ ಮಾತು. ಶಾಲೆ ತೆರೆಯಲು ಮಾನ್ಯತೆ ಬೇಕು. ಹತ್ತು ದಿನದ ಬೇಸಿಗೆ ಶಿಬಿರಕ್ಕೆ ಅಂಥ ಕಟ್ಟುಪಾಡಿಲ್ಲ. ಹಾಗೆಂದು ಹೊಣೆಯೇ ಇಲ್ಲವೆಂದಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದೂ ಪೊಲೀಸರಿಗೆ ವರದಿ ಮಾಡದಿರುವುದೇ ಅಪರಾಧ. ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಿದೆ. ‘ನಮ್ಮೊಳಗೇ ಬಗೆಹರಿಸಿಕೊಳ್ಳೋಣ, ಸಂಸ್ಥೆಯ ಹೆಸರು ಕೆಡುವುದು ಬೇಡ’ ಎಂಬ ಹಿರಿಯರ ಸಲಹೆಗೆ ಈ ಕಾನೂನಿನಲ್ಲಿ ಜಾಗವಿಲ್ಲ.

ಕಾನೂನಿಗಾಗಿ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ಪ್ರತಿ ಮಗುವಿನ ಮನೆಯ ಎರಡು ದೂರವಾಣಿ ಸಂಖ್ಯೆಗಳು ಮೊಬೈಲಿನಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಇರಲಿ. ಊರ ಹೊರಗಿನ ಶಿಬಿರವಾದರೆ ಅದೇ ಪಟ್ಟಿಯ ಪ್ರತಿಯೊಂದು ನಗರದಲ್ಲಿರುವ ಒಬ್ಬರ ಬಳಿ ಇರಲಿ. ಅಲ್ಲಿ ಸಂಪರ್ಕ ಕಡಿದರೆ ಇವರು ಮಾತನಾಡಲಿ. ಅವಘಡವಾದಾಗ ಕ್ಷೇಮವಾಗಿರುವ ಮಕ್ಕಳ ಮನೆಗಳಿಗೂ ಹೆಸರು ಹಿಡಿದು ಸುದ್ದಿ ಹೋಗಲಿ. ಕೆಟ್ಟ ಸುದ್ದಿಯನ್ನು ಇ-ಮೇಲ್, ವಾಟ್ಸ್‌ಆ್ಯಪ್‌ಗೆ ಬಿಡದೆ ಹೊಣೆ ಹೊತ್ತವರೇ ಖುದ್ದಾಗಿ ಹೇಳಲಿ. ತಿಳಿದದ್ದೇನು, ತಿಳಿಯದ್ದೇನು, ಮುಂದಿನ ಸುದ್ದಿ ಎಷ್ಟು ಗಂಟೆಗೆ ಎಂಬ ಮೂರು ಸಂಗತಿಗಳು ಪ್ರತಿ ಸಂದೇಶದಲ್ಲೂ ಇರಲಿ. ಇದಕ್ಕೆ ಹಣ ಬೇಕಿಲ್ಲ. ಶಿಬಿರ ಆರಂಭವಾಗುವ ಹಿಂದಿನ ಸಂಜೆ ಸ್ವಯಂಸೇವಕರು ಒಂದು ಗಂಟೆ ಕೂತರೆ ಸಾಕು.

ಪ್ರಾರ್ಥನೆಗೆ ತನ್ನ ವೇಳೆಯಿದೆ. ಮಗುವನ್ನು ಕಳೆದುಕೊಂಡ ಮನೆಯಲ್ಲಿ ನಂಬಿಕೆ ನೀಡುವ ಆಸರೆಯನ್ನು ಹೊರಗಿನವರು ಹಗುರವಾಗಿ ಕಾಣಬಾರದು. ಟೆಕ್ಸಾಸ್‌ನ ಎಷ್ಟೋ ಕುಟುಂಬಗಳು ಇಂದಿಗೂ ಆ ಆಸರೆಯಲ್ಲೇ ನಿಂತಿವೆ. ಅದೇ ಕುಟುಂಬಗಳು ಶಿಬಿರದಿಂದ ಉತ್ತರವನ್ನೂ ಕೇಳುತ್ತಿವೆ. ಎರಡರ ನಡುವೆ ವಿರೋಧವಿಲ್ಲ. ‘ದೇವರ ಚಿತ್ತ’ ಎಂಬ ಮಾತನ್ನು ನೊಂದವರು ತಾವಾಗಿ ಆಡಿದರೆ ಅದು ಭಕ್ತಿ. ಹೊಣೆ ಹೊತ್ತವರು ಮೊದಲೇ ಆಡಿದರೆ ಅದು ತಪ್ಪಿಸಿಕೊಳ್ಳುವ ದಾರಿಯಂತೆ ಕೇಳಿಸುತ್ತದೆ. ಸುವಾರ್ತೆ ಸಾರುವುದೇ ತಮ್ಮ ಕೆಲಸವೆಂದು ನಂಬಿದವರು ದುರ್ವಾರ್ತೆಯನ್ನೂ ನೇರವಾಗಿ, ಬೇಗನೆ, ಕಣ್ಣಲ್ಲಿ ಕಣ್ಣಿಟ್ಟು ಹೇಳುವುದನ್ನು ಕಲಿಯಬೇಕು. ಈ ಬೇಸಿಗೆಯಲ್ಲಿ ಮಗುವಿನ ಕೈಬಿಡುವ ಮುನ್ನ ಶಿಬಿರದ ಬಾಗಿಲಲ್ಲಿ ನಾವೂ ಒಂದು ಪ್ರಶ್ನೆ ಕೇಳೋಣ: ಏನಾದರೂ ಆದರೆ ನಮಗೆ ಮೊದಲು ಕರೆ ಮಾಡುವವರು ಯಾರು? ಉತ್ತರವಾಗಿ ಒಬ್ಬ ವ್ಯಕ್ತಿಯ ಹೆಸರು ಸಿಗುವವರೆಗೆ ಅಲ್ಲಿಂದ ಕದಲದಿರೋಣ.