ಯಾವುದನ್ನ ಬಿಡೋದು?

ಮೊನ್ನೆ ಕೂಟಗಲ್‌ಗೆ ಹೋದಾಗ ಚಿಕ್ಕಪ್ಪನ ಮಗ ಕೇಳಿದ, "ಅಣ್ಣಾ, ಈ ಸೆಮ್‌ನಲ್ಲಿ ಥಿಯರಿ ಆಫ್ ಕಂಪ್ಯುಟೇಷನ್ ಬಿಟ್ಟು ಮುಂದಿನ ಸಲ ಬರೀಲಾ?" ದಿನಾ ರಾಮನಗರದಿಂದ ರೈಲಲ್ಲಿ ಬೆಂಗಳೂರಿಗೆ ಓಡಾಡೋ ಹುಡುಗ, ಸುಸ್ತಾಗಿದ್ದಾನೆ.

ವಿಟಿಯು 2022ರ ಸ್ಕೀಮಿನಲ್ಲಿ ಬಿ.ಇ.ಗೆ ಬೇಕಿರೋದು 160 ಕ್ರೆಡಿಟ್. ಇವನು ಆನರ್ಸ್ ಆಸೆಗೆ ಅದರ ಮೇಲೆ ಎನ್‌ಪಿಟೆಲ್ ಕೋರ್ಸುಗಳನ್ನೂ ಹೊತ್ತಿದ್ದಾನೆ!

ನಾನೂ ಹೀಗೇ ಮ್ಯಾಥ್ಸ್ ಒಂದನ್ನ ಮುಂದಕ್ಕೆ ಹಾಕಿದ್ದೆ. ಹೊರೆ ಇಳೀಲಿಲ್ಲ, ಮುಂದಿನ ಸೆಮ್ಮಿಗೆ ಹೋಯ್ತು ಅಷ್ಟೇ. ಬ್ಯಾಕ್‌ಲಾಗ್ ಇದೆ ಅಂತ ಕ್ಯಾಂಪಸ್ ಸಂದರ್ಶನಕ್ಕೇ ಕೂರಿಸಲಿಲ್ಲ. ಅಪ್ಪಂಗೆ ಇವತ್ತಿಗೂ ಹೇಳಿಲ್ಲ...

ಬಿಡೋದಾದ್ರೆ, ಬಿಟ್ಟರೂ ಡಿಗ್ರಿ ನಿಲ್ಲದಂಥದ್ದನ್ನ ಬಿಡು ಅಂದೆ. ಆನ್‌ಲೈನ್ ಕೋರ್ಸು ಕೆಲಸಕ್ಕೆ ಸೇರಿದ ಮೇಲೂ ಮಾಡಬಹುದು. ಆನರ್ಸ್ ಇಲ್ಲದಿದ್ರೂ ಡಿಗ್ರಿ ಡಿಗ್ರಿನೇ.

ನೀವೇನಂತೀರಾ?