ಬರೆಯದಿರಲು ಹೇಳುವ ಕಾರಣಗಳಿಗೆ ನಾಗಪುರದಿಂದ ಒಂದು ಉತ್ತರ

ನಮ್ಮ ಬಳಗದ ರಾಜ್ಯೋತ್ಸವ ಸಂಚಿಕೆಗೆ ಲೇಖನ ಕೊಡಿ ಎಂದು ಈ ವರ್ಷವೂ ಊರಿನ ಕನ್ನಡಿಗರನ್ನು ಕೇಳಿದೆವು. ಬಂದ ಲೇಖನಗಳು ಕಡಿಮೆ, ಬಂದ ಕಾರಣಗಳು ಹೆಚ್ಚು. ಒಬ್ಬರಿಗೆ ಆಫೀಸಿನ ಕೆಲಸ, ಇನ್ನೊಬ್ಬರಿಗೆ ಬಿಸಿಲು, ಮತ್ತೊಬ್ಬರಿಗೆ ಮೂಡ್ ಇಲ್ಲ. "ಒತ್ತಾಯ ಮಾಡಿ ಬರೆಸಿದರೆ ಅದು ಸಾಹಿತ್ಯ ಆಗೋದಿಲ್ಲ" ಎಂದು ಹಿರಿಯರೊಬ್ಬರು ನೇರವಾಗಿಯೇ ಹೇಳಿದರು. ಇವರ್ಯಾರೂ ಬರೆಯಲು ಬಾರದವರಲ್ಲ. ಮಾತಿಗೆ ಕುಳಿತರೆ ಒಂದೊಂದು ಸಂಜೆಗೆ ಒಂದೊಂದು ಪ್ರಬಂಧವಾಗುವಷ್ಟು ಸಾಮಗ್ರಿ ಇಟ್ಟುಕೊಂಡವರು. ಆದ್ದರಿಂದಲೇ ಅವರ ಕಾರಣಗಳನ್ನು ಕೇಳಿ ಸುಮ್ಮನಾಗುವುದು ನನಗೆ ಸಾಧ್ಯವಿಲ್ಲ. ಒಂದೊಂದನ್ನೂ ಎತ್ತಿಕೊಂಡು ಉತ್ತರ ಕೊಡುತ್ತೇನೆ. ದೂರದ ಉದಾಹರಣೆಗಳಿಗೆ ಹೆಚ್ಚು ಹೋಗಬೇಕಾಗಿಲ್ಲ, ನಾವು ಅನ್ನ ತಿನ್ನುತ್ತಿರುವ ಈ ಊರೇ ಸಾಕಷ್ಟು ಸಾಕ್ಷಿ ಹೇಳುತ್ತದೆ.

ಮೊದಲನೆಯದು, "ಟೈಮ್ ಎಲ್ಲಿದೆ ಸರ್?" ದೀಕ್ಷಾಭೂಮಿಯ ಮುಂದೆ ದಿನಾ ಓಡಾಡುವವರು ಈ ಮಾತನ್ನು ಆಡುವಾಗ ನನಗೆ ಸಂಕಟವಾಗುತ್ತದೆ. 1956ರ ಅಕ್ಟೋಬರ್ 14ರಂದು ಲಕ್ಷಾಂತರ ಜನರೊಂದಿಗೆ ಅಲ್ಲಿ ಬೌದ್ಧ ಧರ್ಮಕ್ಕೆ ಸೇರಿದ ಅಂಬೇಡ್ಕರರು ಆಗ ಸಕ್ಕರೆ ಕಾಯಿಲೆಯಿಂದ ಸೊರಗಿದ್ದರು, ಕಣ್ಣು ಮಂಜಾಗಿತ್ತು. ರಾಜಕೀಯ, ಸಂಘಟನೆ, ಕಾಲೇಜುಗಳ ಹೊಣೆ ಎಲ್ಲವೂ ತಲೆಯ ಮೇಲಿದ್ದವು. ಇವುಗಳ ನಡುವೆಯೇ ಬುದ್ಧ ಮತ್ತು ಅವನ ಧಮ್ಮದ ಬಗೆಗಿನ ದೊಡ್ಡ ಗ್ರಂಥವನ್ನು ವರ್ಷಗಟ್ಟಲೆ ಬರೆದರು. ಡಿಸೆಂಬರ್ 5ರ ರಾತ್ರಿ ಅದರ ಮುನ್ನುಡಿಯ ಬೆರಳಚ್ಚು ಹಾಳೆಗಳನ್ನು ತಿದ್ದಲೆಂದು ಹಾಸಿಗೆಯ ಪಕ್ಕದ ಮೇಜಿನ ಮೇಲೆ ಇರಿಸಿಕೊಂಡಿದ್ದರು. ಬೆಳಗಾಗುವಷ್ಟರಲ್ಲಿ ಅವರು ಇರಲಿಲ್ಲ. ಪುಸ್ತಕ 1957ರಲ್ಲಿ ಹೊರಬಂತು.

"ಅವರು ಮಹಾಪುರುಷರು, ನಾವು ಸಾಮಾನ್ಯರು" ಎನ್ನುತ್ತೀರಿ. ಒಪ್ಪಿದೆ. ಹಾಗಾದರೆ ಸಂಬಳಕ್ಕೆ ದುಡಿದವರನ್ನೇ ನೋಡೋಣ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರು. ಕಂಪನಿಯ ಕೆಲಸದಲ್ಲಿ ದಿನವೆಲ್ಲ ಕಳೆಯುತ್ತಿದ್ದ ಅವರು ಆ ಕಾರ್ಪೊರೇಟ್ ಲೋಕವನ್ನೇ ಒಳಗೆ ತಂದುಕೊಂಡು 1979ರಲ್ಲಿ 'ಶಿಕಾರಿ' ಕಾದಂಬರಿ ಕೊಟ್ಟರು. ಆಫೀಸು ಅವರಿಂದ ಬರವಣಿಗೆಯನ್ನು ಕಿತ್ತುಕೊಳ್ಳಲಿಲ್ಲ, ಬರವಣಿಗೆಗೆ ವಸ್ತುವನ್ನೇ ಕೊಟ್ಟಿತು. ನಮ್ಮಲ್ಲಿ ಕಲ್ಲಿದ್ದಲು ಗಣಿಯ ಲೆಕ್ಕ ನೋಡಿದವರಿದ್ದಾರೆ, ರೈಲ್ವೆಯವರಿದ್ದಾರೆ, ಅಂಬಾಝರಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದವರಿದ್ದಾರೆ. ಇವರು ಕಂಡ ಲೋಕ ಕನ್ನಡದಲ್ಲಿ ಇನ್ನೂ ಬಂದಿಲ್ಲ. ಕೆಲಸ ಅಡ್ಡ ಬಂತು ಎನ್ನುವವರು ಆ ಕೆಲಸದ ಬಗ್ಗೆಯೇ ನಾಲ್ಕು ಪುಟ ಬರೆಯಲಿ.

ಬಿಸಿಲಿನ ವಾದಕ್ಕೆ ಹೆಚ್ಚು ಹೇಳುವುದಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಊರು ಇದು. ಕೂಲರಿನ ಮುಂದೆ ಕುಳಿತರೆ ಹಾಳೆ ಹಾರುತ್ತದೆ, ಹಾರದಂತೆ ಡಬ್ಬಿ ಇಟ್ಟರೆ ಆ ತೇವದ ಗಾಳಿಗೆ ಕಾಗದ ಮೆತ್ತಗಾಗಿ ಪೆನ್ನು ತೊಡರುತ್ತದೆ. ಮಧ್ಯಾಹ್ನ ಕರೆಂಟು ಹೋದರೆ ತಲೆ ಓಡುವುದಿಲ್ಲ, ನಿಜ. ಆದರೆ ಆ ದಿನಗಳಲ್ಲೂ ಬೆಳಗಿನ ಐದರಿಂದ ಏಳರವರೆಗೆ ಈ ಊರು ತಂಪಾಗಿಯೇ ಇರುತ್ತದೆ. ಆ ಹೊತ್ತಿಗೆ ಫುಟಾಳಾ ಕೆರೆಯ ಸುತ್ತ ವಾಕಿಂಗ್ ಹೋಗುವ ನಮ್ಮವರು ಎಷ್ಟೋ ಜನರಿದ್ದಾರೆ. ವಾರಕ್ಕೆ ಎರಡು ದಿನ ಆ ಹೊತ್ತನ್ನು ಮೇಜಿಗೆ ಕೊಟ್ಟರೆ ಸಾಕು. ಇನ್ನು ನವೆಂಬರಿನಿಂದ ಫೆಬ್ರವರಿಯವರೆಗಿನ ಚಳಿಗಾಲದ ಸುಖದಲ್ಲಿ ಯಾಕೆ ಬರೆಯಲಿಲ್ಲ ಎಂಬ ಪ್ರಶ್ನೆಗೆ ಬಿಸಿಲಿನ ವಾದದಲ್ಲಿ ಉತ್ತರವಿಲ್ಲ.

"ಮೂಡ್ ಬರಬೇಕು, ಒಳಗಿನಿಂದ ಬರಬೇಕು" ಎಂಬ ಮಾತು ಇದಕ್ಕಿಂತ ಗಟ್ಟಿಯಾದದ್ದು. ಇದನ್ನು ಹೇಳುವವರು ನಮ್ಮೂರಿನ ಮರಾಠಿ ನಾಟಕಕಾರ ಮಹೇಶ್ ಎಲಕುಂಚವಾರರ ಕಥೆಯನ್ನೇ ಆಧಾರ ಮಾಡಿಕೊಳ್ಳುತ್ತಾರೆ. ಸಿನಿಮಾ ನೋಡಲು ಹೋದ ಯುವಕನಿಗೆ ಟಿಕೆಟ್ ಸಿಗಲಿಲ್ಲ, ಬದಲಿಗೆ ವಿಜಯಾ ಮೆಹ್ತಾ ಆಡಿಸುತ್ತಿದ್ದ ತೆಂಡೂಲ್ಕರರ ನಾಟಕಕ್ಕೆ ಹೋಗಿ ಕುಳಿತ, ಅಲ್ಲೇ ನಾಟಕಕಾರ ಹುಟ್ಟಿದ. ಕಥೆ ನಿಜ. ಆದರೆ ನೀವು ಅದನ್ನು ಅರ್ಧಕ್ಕೆ ನಿಲ್ಲಿಸುತ್ತೀರಿ. ಆ ನಾಟಕವನ್ನು ಅವರು ಮತ್ತೆ ಹೋಗಿ ನೋಡಿದರು, ಆಮೇಲೆ ಕೈಗೆ ಸಿಕ್ಕ ನಾಟಕಗಳನ್ನೆಲ್ಲ ಕೂತು ಓದಿದರು, ಬರೆದರು, 'ಸುಲ್ತಾನ್' 1967ರಲ್ಲಿ 'ಸತ್ಯಕಥಾ' ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ವಿಜಯಾ ಮೆಹ್ತಾ ಅವರೇ ಮುಂದೆ ಅವರ ನಾಟಕಗಳನ್ನು ರಂಗಕ್ಕೆ ತಂದರು. ಇಂಗ್ಲಿಷ್ ಪಾಠ ಹೇಳುತ್ತ, ನಾಗಪುರ ಬಿಡದೆ, 'ವಾಡಾ ಚಿರೇಬಂದಿ'ಯವರೆಗೆ ಬೆಳೆದರು. ಟಿಕೆಟ್ ಸಿಗದೆ ಆ ದಿನ ಅದೇ ನಾಟಕಕ್ಕೆ ಹೋದವರು ಇನ್ನೂ ಕೆಲವರು ಇದ್ದಿರಬಹುದು. ಒಂದು ರಾತ್ರಿಯ ರೋಮಾಂಚನ ಅವರಿಗೂ ಆಗಿರುತ್ತದೆ. ಮರುದಿನ ಓದಲು ಕೂತವರು ಮಾತ್ರ ನಾಟಕಕಾರರಾದರು. ಒತ್ತಾಯದಿಂದ ಸಾಹಿತ್ಯವಾಗದು ಎಂದ ಹಿರಿಯರಿಗೂ ನನ್ನ ಉತ್ತರ ಇದೇ. ನಾವು ಒತ್ತಾಯ ಮಾಡುತ್ತಿರುವುದು ಬರೆಯಲು ಕೂರಿ ಎಂದು ಮಾತ್ರ. ಅದು ಸಾಹಿತ್ಯವಾಯಿತೋ ಇಲ್ಲವೋ ಎಂಬುದನ್ನು ಓದಿದವರು ಹೇಳುತ್ತಾರೆ.

"ಮೂವತ್ತು ವರ್ಷ ಮರಾಠಿ, ಹಿಂದಿ ಮಾತಾಡಿ ನನ್ನ ಕನ್ನಡ ಜಂಗು ಹಿಡಿದಿದೆ" ಎಂದವರಿಗೆ, ಮತ್ತು "ನಿಜ ಬರೆದರೆ ಮನೆಯವರಿಗೆ ನೋವಾಗುತ್ತದೆ" ಎಂದವರಿಗೆ ಸೇರಿಸಿ ಒಬ್ಬರ ಹೆಸರು ಹೇಳುತ್ತೇನೆ. ಕೌಸಲ್ಯಾ ಬೈಸಂತ್ರಿ. 1926ರಲ್ಲಿ ಹುಟ್ಟಿ ನಾಗಪುರದ ದಲಿತ ಬಸ್ತಿಯಲ್ಲಿ ಬೆಳೆದವರು. ತಂದೆ ತಾಯಿ ಇಬ್ಬರೂ ಎಂಪ್ರೆಸ್ ಮಿಲ್ಲಿನಲ್ಲಿ ದುಡಿದವರು. ಜಮ್‌ಶೆಟ್‌ಜಿ ಟಾಟಾ 1877ರಲ್ಲಿ ಶುರು ಮಾಡಿದ ಮಿಲ್ಲು ಅದು. ಆ ತಾಯಿ ಮಿಲ್ಲಿನ ದುಡಿಮೆಯಲ್ಲಿ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿದಳು. ಮಗಳು ಆತ್ಮಕಥೆ ಪ್ರಕಟಿಸಿದ್ದು 1999ರಲ್ಲಿ, ಎಪ್ಪತ್ತು ದಾಟಿದ ಮೇಲೆ. ಮನೆಮಾತು ಮರಾಠಿ, ಬರೆದದ್ದು ಹಿಂದಿಯಲ್ಲಿ. 'ದೋಹರಾ ಅಭಿಶಾಪ್' ಇಂದು ಹಿಂದಿಯಲ್ಲಿ ದಲಿತ ಹೆಣ್ಣುಮಗಳೊಬ್ಬಳು ಬರೆದ ಮೊದಲ ಆತ್ಮಕಥೆ ಎಂದು ಹೆಸರಾಗಿದೆ. ನಿಮ್ಮದು ತಾಯ್ನುಡಿ. ನಾಲ್ಕು ಕಡೆ ಹಿಂದಿಯ ಶಬ್ದ ನುಸುಳಿದರೆ ನುಸುಳಲಿ, ನಾಗಪುರದ ಕನ್ನಡ ಹಾಗೆಯೇ ಇದೆ. ಅದನ್ನು ಧಾರವಾಡದ ಕನ್ನಡದಂತೆ ತೊಳೆದು ಕೊಡಿ ಎಂದು ಯಾರೂ ಕೇಳಿಲ್ಲ. ಕಾಗುಣಿತ ತಿದ್ದಲು ನಾವಿದ್ದೇವೆ.

ಮನೆಯವರ ನೋವಿನ ಪ್ರಶ್ನೆಯನ್ನು ಮಾತ್ರ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅದು ಉಳಿದ ಕಾರಣಗಳಂತಲ್ಲ, ಅದರಲ್ಲಿ ನಿಜವಾದ ಭಯವಿದೆ. ಬೈಸಂತ್ರಿಯವರಿಗೂ ಆ ಭಯ ಗೊತ್ತಿತ್ತು. ಗಂಡ, ಮಗ, ತಮ್ಮ ಎಲ್ಲರೂ ಸಿಟ್ಟಾಗಬಹುದು ಎಂದು ಪುಸ್ತಕದ ಆರಂಭದಲ್ಲೇ ಹೇಳಿಕೊಂಡು, ತನ್ನ ಮಾತು ಹೇಳುವ ಸ್ವಾತಂತ್ರ್ಯ ತನಗೂ ಬೇಕು ಎಂದು ನಿಂತರು. ಫಲಟಣದ ಬೇಬಿ ಕಾಂಬಳೆ ಪುಟ್ಟ ಅಂಗಡಿಯಲ್ಲಿ ಕುಳಿತು, ಗಿರಾಕಿ ಇಲ್ಲದ ಹೊತ್ತಿನಲ್ಲಿ ತಮ್ಮ ಆತ್ಮಕಥೆ ಬರೆದು, ಮನೆಯವರ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಮುಚ್ಚಿಟ್ಟಿದ್ದರು. ಇಬ್ಬರ ದಾರಿ ಬೇರೆ. ಒಬ್ಬರು ಎದುರಿಗೆ ಹೇಳಿ ಪ್ರಕಟಿಸಿದರು, ಇನ್ನೊಬ್ಬರು ಅಡಗಿಸಿಟ್ಟು ಕಾದರು. ಇಬ್ಬರೂ ಬರೆದರು ಎಂಬುದು ಮುಖ್ಯ. ಯಾವುದನ್ನು ಯಾವಾಗ ಅಚ್ಚಿಗೆ ಕೊಡಬೇಕು ಎಂಬ ಹಕ್ಕು ನಿಮ್ಮ ಕೈಯಲ್ಲೇ ಇದೆ. ಅತ್ತೆ ಇರುವತನಕ ಪೆಟ್ಟಿಗೆಯಲ್ಲಿರಲಿ, ಹೆಸರು ಬದಲಿಸಬೇಕೆಂದಿದ್ದರೆ ಬದಲಿಸಿ. ಆದರೆ ಪ್ರಕಟಣೆಯ ಭಯವನ್ನು ಬರೆಯದಿರುವುದಕ್ಕೆ ಕಾರಣ ಮಾಡಿಕೊಂಡರೆ, ಮುಂದೆ ಧೈರ್ಯ ಬಂದ ದಿನ ಪೆಟ್ಟಿಗೆಯಲ್ಲಿ ತೆಗೆಯಲು ಏನೂ ಇರುವುದಿಲ್ಲ.

ಅತ್ಯಂತ ಗೌರವದ ವಾದ ಉಳಿದಿದೆ. "ಬರೆದಿದ್ದೇನೆ, ಆದರೆ ಇನ್ನೂ ಸರಿಯಾಗಿಲ್ಲ. ಕೆಟ್ಟದ್ದನ್ನು ಕೊಡುವುದಕ್ಕಿಂತ ಕೊಡದಿರುವುದು ಮೇಲು." ಇದನ್ನು ಹೇಳಿದ ಗೆಳೆಯರು ಮುಕ್ತಿಬೋಧರ ಹೆಸರು ತೆಗೆದರು. ಹಿಂದಿಯ ಈ ದೊಡ್ಡ ಕವಿ 1958ರಲ್ಲಿ ರಾಜನಾಂದಗಾಂವ್ ಕಾಲೇಜಿಗೆ ಹೋಗುವ ತನಕ ಸುಮಾರು ಹತ್ತು ವರ್ಷ ನಾಗಪುರದಲ್ಲಿದ್ದರು. ಸರ್ಕಾರದ ವಾರ್ತಾ ಇಲಾಖೆ, ಆಕಾಶವಾಣಿ, 'ನಯಾ ಖೂನ್' ವಾರಪತ್ರಿಕೆ, ಎಲ್ಲೂ ಸಂಸಾರ ದಡ ಸೇರುವಷ್ಟು ಸಂಬಳವಿಲ್ಲ. ಸಾಲ, ಬಾಡಿಗೆ ಮನೆ, ಬೆಳೆಯುವ ಮಕ್ಕಳು. ಕವಿತೆಗಳನ್ನು ತಿದ್ದಿ ತಿದ್ದಿ ಬರೆಯುತ್ತಿದ್ದರು. 'ಅಂಧೇರೇ ಮೇಂ' ವರ್ಷಗಳ ಕಾಲ ಅವರ ಕೈಯಲ್ಲಿತ್ತು. ಎಂಪ್ರೆಸ್ ಮಿಲ್ಲಿನ ಕಾರ್ಮಿಕರ ಮೇಲೆ ನಡೆದ ಗೋಲಿಬಾರಿನ ಅನುಭವ ಆ ಕವಿತೆಯ ಹಿಂದಿದೆ ಎಂದು ಬಲ್ಲವರು ಹೇಳುತ್ತಾರೆ. ಅವರ ಮೊದಲ ಕವನಸಂಕಲನ 'ಚಾಂದ್ ಕಾ ಮುಂಹ್ ಟೇಢಾ ಹೈ' ಬಂದದ್ದು 1964ರಲ್ಲಿ. ಅದೇ ವರ್ಷ ಸೆಪ್ಟೆಂಬರ್ 11ರಂದು ಅವರು ತೀರಿಕೊಂಡಿದ್ದರು. ತಮ್ಮ ಒಂದು ಸಂಕಲನವನ್ನೂ ಅಚ್ಚಿನಲ್ಲಿ ಅವರು ನೋಡಲಿಲ್ಲ.

"ನೋಡಿ, ಮುಕ್ತಿಬೋಧರೂ ಕೊಡಲಿಲ್ಲ" ಎನ್ನುತ್ತೀರಿ. ಅವರು ಕೊಡದೆ ಇಟ್ಟುಕೊಂಡವರಲ್ಲ ಸ್ವಾಮಿ. 1943ರ 'ತಾರ್ ಸಪ್ತಕ್' ಎಂಬ ಹಲವು ಕವಿಗಳ ಸಂಕಲನದಲ್ಲಿ ಅವರ ಕವಿತೆಗಳಿವೆ. 'ಕಾಮಾಯನಿ' ಕಾವ್ಯದ ಮೇಲಿನ ವಿಮರ್ಶೆ ಅವರಿದ್ದಾಗಲೇ ಪುಸ್ತಕವಾಯಿತು. ವಾರವಾರ ಪತ್ರಿಕೆಗೆ ಬರೆದರು. ಅವರು ಬರೆದಿಟ್ಟ ಉಳಿದ ರಾಶಿ ನಂತರ ಸಂಪುಟಗಳಾದವು. ತಿದ್ದಬೇಕಾದರೆ ಮುಂದೆ ಕರಡು ಇರಬೇಕು. ನನ್ನ ಗೆಳೆಯರು ತಿದ್ದುತ್ತಿರುವುದು ತಲೆಯಲ್ಲಿರುವ ಲೇಖನವನ್ನು. ದೇವನೂರ ಮಹಾದೇವರ ಹೆಸರನ್ನೂ ಇಲ್ಲಿ ತರುವುದುಂಟು. ಅವರು ಕಡಿಮೆ ಬರೆದರು, ದಿಟ. ಆದರೆ 'ಒಡಲಾಳ', 'ಕುಸುಮಬಾಲೆ' ಕೊಟ್ಟ ಮೇಲಿನ ಮೌನ ಅದು. ಮೊದಲ ಪುಟವನ್ನೇ ಬರೆಯದವರ ಮೌನಕ್ಕೆ ಆ ಗೌರವ ಸಲ್ಲುವುದಿಲ್ಲ.

"ಬರೆದರೆ ಯಾರು ಓದುತ್ತಾರೆ? ನಮ್ಮ ಮಕ್ಕಳಿಗೇ ಕನ್ನಡ ಓದಲು ಬರೋದಿಲ್ಲ." ಈ ಮಾತಿನ ಹಿಂದಿನ ನೋವು ನನ್ನದೂ ಹೌದು. ಇಲ್ಲಿನ ಶಾಲೆಗಳಲ್ಲಿ ಕನ್ನಡವಿಲ್ಲ, ಮನೆಯಲ್ಲಿ ಮಾತು ಉಳಿದಿದೆ, ಅಕ್ಷರ ಹೋಗಿದೆ. ಆದರೆ ಪುಣೆಯ ಉಮಾ ಕುಲಕರ್ಣಿಯವರು ಕಾರಂತ, ಭೈರಪ್ಪನವರನ್ನು ಮರಾಠಿಗೆ ತಂದದ್ದು ಹೇಗೆಂದು ನೆನೆಯಿರಿ. ಪತಿ ವಿರೂಪಾಕ್ಷ ಕುಲಕರ್ಣಿಯವರು ಕನ್ನಡ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರು, ಅದನ್ನು ಕೇಳಿಸಿಕೊಂಡು ಅವರು ಅನುವಾದಿಸುತ್ತಿದ್ದರು. ಕೇಳಿ ತಿಳಿಯಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಓದಿ ಹೇಳಬೇಕಾದರೂ, ಅವರು ನಾಳೆ ಮರಾಠಿಗೋ ಇಂಗ್ಲಿಷಿಗೋ ಮಾಡಿಕೊಳ್ಳಬೇಕಾದರೂ, ಮೊದಲು ಬರಹ ಇರಬೇಕು.

ಇನ್ನು "ರಿಟೈರ್ ಆದ ಮೇಲೆ ಬರೀತೀನಿ" ಎಂಬುದು. ನಾನು ಬಲ್ಲ ಹಿರಿಯರೊಬ್ಬರು ಇತವಾರಿಯಿಂದ ಛಿಂದವಾಡಕ್ಕೆ ಹೋಗುತ್ತಿದ್ದ ನ್ಯಾರೋಗೇಜ್ ಗಾಡಿಯಲ್ಲಿ ಗಾರ್ಡ್ ಆಗಿದ್ದರು, ಗದಗಿನ ಕಡೆಯವರು. ಸಾವನೇರ್ ದಾಟಿ ಸೌಸರ್, ರಾಮಾಕೋನಾ ಆದಮೇಲೆ ಗಾಡಿ ಸಾತ್ಪುಡಾದ ತೇಗದ ಕಾಡನ್ನು ಏದುಸಿರು ಬಿಡುತ್ತ ಹತ್ತುವುದನ್ನು, ಬುಟ್ಟಿ ತುಂಬ ಕಿತ್ತಳೆ ಹೊತ್ತು ಹತ್ತುವ ಹೆಂಗಸರು ಟಿಕೆಟ್ಟಿಗೆ ಮಾಡುತ್ತಿದ್ದ ಚೌಕಾಸಿಯನ್ನು, ಮಳೆಗಾಲದ ರಾತ್ರಿ ಲಾಟೀನು ಹಿಡಿದು ಹಳಿಯ ಮೇಲೆ ಬಿದ್ದ ಮರದ ಹತ್ತಿರ ಕಾಯುತ್ತ ನಿಂತದ್ದನ್ನು ಅವರ ಬಾಯಿಂದಲೇ ಕೇಳಬೇಕಿತ್ತು. ಬರೆಯಿರಿ ಕಾಕಾ ಎಂದರೆ, ಪೆನ್ಶನ್ ಬಂದಮೇಲೆ ಅದೇ ಕೆಲಸ ಎನ್ನುತ್ತಿದ್ದರು. ಪೆನ್ಶನ್ ಬಂತು, ಜೊತೆಗೆ ಕಣ್ಣಿನ ಪೊರೆಯೂ ಬಂತು, ಆಪರೇಷನ್ ಆದಮೇಲೆ ನೋಡೋಣ ಎಂದರು. ಮುಂದೆ ಕೈ ನಡುಗತೊಡಗಿತು. ಅವರು ಈಗಿಲ್ಲ. ಆ ನ್ಯಾರೋಗೇಜ್ ಕೂಡ 2015ರಲ್ಲಿ ನಿಂತು, ಮುಂದೆ ಬ್ರಾಡ್‌ಗೇಜ್ ಆಯಿತು. ಅವರು ಹೇಳಿದ್ದರಲ್ಲಿ ನನ್ನ ನೆನಪಿನಲ್ಲಿ ಉಳಿದದ್ದು ಇಲ್ಲಿ ಬರೆದಷ್ಟೇ. ಆ ಗಾಡಿಯ ಮೇಲೆ ಕನ್ನಡದಲ್ಲಿ ಬರಬಹುದಾಗಿದ್ದ ಪುಸ್ತಕ ಇನ್ನು ಬರುವುದಿಲ್ಲ.

ಆದ್ದರಿಂದ ಗೆಳೆಯರಲ್ಲಿ ಕೇಳಿಕೊಳ್ಳುವುದಿಷ್ಟು. ಸಂಚಿಕೆಗೆ ಲೇಖನ ಕೊಡಲು ಅಕ್ಟೋಬರ್ 10 ಕೊನೆಯ ದಿನ. ಕೈಬರಹವಾದರೂ ಸರಿ, ಮೊಬೈಲಿನಲ್ಲಿ ಹೇಳಿ ಕಳಿಸಿದರೂ ಸರಿ, ಬರೆದುಕೊಳ್ಳಲು ಜನ ಇದ್ದಾರೆ. ಕಥೆ, ಕವಿತೆ ಬೇಕೆಂದೇನಿಲ್ಲ. ನೀವು ಮೊದಲ ಸಲ ನಾಗಪುರ ಸ್ಟೇಷನ್ನಿನಲ್ಲಿ ಇಳಿದ ದಿನ, ಮೊದಲ ಮನೆ, ಮೊದಲ ಬೇಸಿಗೆ, ಯಾವುದಾದರೂ ಒಂದರ ಮೇಲೆ ಎರಡು ಪುಟ ಕೊಡಿ. ಎಂಬತ್ತು ದಾಟಿದ ತಂದೆ ತಾಯಿ ಮನೆಯಲ್ಲಿದ್ದರೆ ನಿಮ್ಮ ಲೇಖನವನ್ನು ಆಮೇಲೆ ನೋಡಿಕೊಳ್ಳಿ, ಈ ಭಾನುವಾರ ಅವರ ಪಕ್ಕ ಕುಳಿತು ಅವರದನ್ನು ಬರೆದುಕೊಳ್ಳಿ.