ಅಡ್ಡ ಬಂದವನೆಂಬ ಅಪವಾದ

ಜಿಲ್ಲಾ ಪುಟದ ಕೆಳಮೂಲೆಯಲ್ಲಿ ಅಚ್ಚಾಗುವ ಅಪಘಾತದ ಸುದ್ದಿಗಳನ್ನು ಕೆಲಕಾಲ ಮನಸ್ಸಿಟ್ಟು ಓದಿದವರಿಗೆ, ಸೈಕಲ್ ತುಳಿಯುವ ಮನುಷ್ಯನು ಅಲ್ಲಿ ಎರಡೇ ವೇಷಗಳಲ್ಲಿ ಪ್ರವೇಶಿಸುತ್ತಾನೆಂಬುದು ಗೋಚರವಾಗದೆ ಇರದು. ‘ಅಪರಿಚಿತ ವಾಹನ ಡಿಕ್ಕಿ: ಸೈಕಲ್ ಸವಾರ ಸಾವು’ ಎಂಬುದು ಮೊದಲನೆಯದು, ಮೃತನ ಹೆಸರು, ಊರು, ವಯಸ್ಸು, ಇಂಥ ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ ಎಂಬ ಕೊನೆಯ ಸಾಲು, ಇಷ್ಟು ಮುಗಿದರೆ ಸುದ್ದಿಯೂ ಮುಗಿಯಿತು. ‘ಅಡ್ಡ ಬಂದ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ ಕಾರು ಪಲ್ಟಿ’ ಎಂಬುದು ಎರಡನೆಯದು. ಇಲ್ಲಿ ಅವನಿಗೆ ಹೆಸರೂ ಇಲ್ಲ, ಊರೂ ಇಲ್ಲ, ಅನ್ಯರ ವಿಪತ್ತಿಗೆ ಅವನೊಂದು ನಿಮಿತ್ತ. ದೂರದರ್ಶನದ ವಾಹಿನಿಗಳಾದರೋ ಲಾರಿಯನ್ನು ‘ಯಮಸ್ವರೂಪಿ’ಯೆಂದೂ ಘಟನೆಯನ್ನು ‘ಜವರಾಯನ ಅಟ್ಟಹಾಸ’ವೆಂದೂ ವರ್ಣಿಸಿ, ಸ್ಟೀರಿಂಗ್ ಹಿಡಿದು ಕುಳಿತಿದ್ದ ಮನುಷ್ಯನನ್ನು ಸುದ್ದಿಯಿಂದ ಸದ್ದಿಲ್ಲದೆ ಇಳಿಸಿಬಿಡುತ್ತವೆ, ಯಮನ ಮೇಲೆ ಯಾವ ಠಾಣೆಯವರೂ ದೋಷಾರೋಪ ಪಟ್ಟಿ ಸಲ್ಲಿಸಲಾರರಷ್ಟೆ.

ನಮ್ಮ ಪತ್ರಿಕೆಗಳಿಗೆ ಸೈಕಲ್ಲಿನವನ ಮೇಲೆ ದ್ವೇಷವಿದೆಯೆಂದರೆ ಉತ್ಪ್ರೇಕ್ಷೆಯಾದೀತು. ದ್ವೇಷಿಸುವುದಕ್ಕಾದರೂ ಮೊದಲು ಅವನನ್ನು ಕಾಣಬೇಕು. ಅಂಥ ಪ್ರಕಟ ದ್ವೇಷವನ್ನು ನೋಡಬೇಕೆನ್ನುವವರು ಬ್ರಿಟನ್ನಿನ ಪತ್ರಿಕೆಗಳನ್ನು ತೆರೆಯಬಹುದು. 2016ರಲ್ಲಿ ಲಂಡನ್ನಿನ ಬೀದಿಯೊಂದರಲ್ಲಿ, ಮುಂದಿನ ಬ್ರೇಕೇ ಇಲ್ಲದ ಸೈಕಲ್ಲನ್ನೇರಿ ಬಂದ ತರುಣನೊಬ್ಬನು ಪಾದಚಾರಿ ಮಹಿಳೆಗೆ ಢಿಕ್ಕಿ ಹೊಡೆದು ಆಕೆ ಮೃತಳಾದಾಗ, ಅವನನ್ನು ದಂಡಿಸಲು ಕುದುರೆಗಾಡಿಗಳ ಕಾಲದ 1861ರ ಶಾಸನವೊಂದನ್ನು ಹುಡುಕಿ ತೆಗೆಯಬೇಕಾಯಿತು. ಮರುವರ್ಷ ಅವನಿಗೆ 18 ತಿಂಗಳ ಸೆರೆವಾಸವೂ ಆಯಿತು. ಅಪರಾಧವು ನಿಜ, ಶಿಕ್ಷೆಯು ಯುಕ್ತ. ಆದರೆ ಆ ಒಂದು ಪ್ರಕರಣವನ್ನು ಹಿಡಿದು ಅಲ್ಲಿಯ ಪತ್ರಿಕೆಗಳು ವರ್ಷಗಳ ಪರ್ಯಂತ ಎಬ್ಬಿಸಿದ ಕೋಲಾಹಲಕ್ಕೂ, ಮೋಟಾರುಗಳಿಂದ ಅದೇ ದೇಶದಲ್ಲಿ ಪ್ರತಿವರ್ಷ ಸಾಯುವ ನೂರಾರು ಪಾದಚಾರಿಗಳ ವಿಷಯದಲ್ಲಿ ಅವು ತೋರುವ ಸಮಚಿತ್ತಕ್ಕೂ ಇರುವ ಅಂತರವು ವಿಚಾರಾರ್ಹವಾದುದು. ಅಲ್ಲಿ ಗದ್ದಲ, ಇಲ್ಲಿ ಉಪೇಕ್ಷೆ. ಸತ್ತವನಿಗೆ ಎರಡರಿಂದಲೂ ಆಗತಕ್ಕ ಅನ್ಯಾಯ ಹೆಚ್ಚುಕಡಿಮೆ ಒಂದೇ.

ವಿಜಯಪುರ ಜಿಲ್ಲೆಯಲ್ಲಿ ಈ ಉಪೇಕ್ಷೆಗೆ ವಿಶೇಷವಾದೊಂದು ವಿಡಂಬನೆಯಿದೆ. ರಾಜ್ಯಕ್ಕೆ ಸೈಕಲ್ ಪಟುಗಳನ್ನು ಕೊಟ್ಟ ನೆಲವಿದು. ವಿಜಯಪುರದಲ್ಲಿ ಸೈಕ್ಲಿಂಗ್ ಕ್ರೀಡಾ ವಸತಿನಿಲಯವಿದೆ, ಪದಕ ತಂದ ಹುಡುಗ ಹುಡುಗಿಯರ ಹಾರ ಹಾಕಿದ ಚಿತ್ರವನ್ನು ಪತ್ರಿಕೆಗಳು ಅಭಿಮಾನದಿಂದ ಅಚ್ಚು ಹಾಕುತ್ತವೆ. ಆದರೆ ಕ್ರೀಡೆಗಾಗಿ ತುಳಿಯುವವರು ಬೆರಳೆಣಿಕೆಯವರು. ಇಂಡಿಯ ನಿಂಬೆ ತೋಟಕ್ಕೆ ಕಾಯಿ ಕೀಳಲು ಹೋಗುವವನು, ಬಸವನ ಬಾಗೇವಾಡಿಯ ಕಡೆಯ ಹಳ್ಳಿಯಿಂದ ಕೂಡಗಿಯ ವಿದ್ಯುತ್ ಸ್ಥಾವರದ ಗುತ್ತಿಗೆ ಕೆಲಸಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುವವನು, ಮುದ್ದೇಬಿಹಾಳದ ಪೇಟೆಗೆ ಕ್ಯಾರಿಯರಿನ ಇಕ್ಕೆಲಕ್ಕೂ ಹಾಲಿನ ಕ್ಯಾನು ತೂಗಿಸಿಕೊಂಡು ಬರುವವನು, ಸಿಂದಗಿಯ ಸುತ್ತಿನ ತಾಂಡಾಗಳಿಂದ ಶಾಲೆಗೆ ಬರುವ ಮಕ್ಕಳು, ಇವರೇ ಇಲ್ಲಿಯ ನಿತ್ಯದ ಸೈಕಲ್ ಸವಾರರು. 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಸರ್ಕಾರ ಆರಂಭಿಸಿದಾಗ, ಆ ಮಕ್ಕಳು ಯಾವ ರಸ್ತೆಯ ಮೇಲೆ ಸೈಕಲ್ ತುಳಿಯಬೇಕೆಂಬ ಪ್ರಶ್ನೆಯನ್ನು ಯಾರೂ ಎತ್ತಿದಂತೆ ಕಾಣಲಿಲ್ಲ.

ರಸ್ತೆಗಳಾದರೋ ಎಂಥವು! ಕಲಬುರಗಿಯ ಕಡೆಯಿಂದ ಸಿಂದಗಿಯನ್ನು ಹಾಯ್ದು ವಿಜಯಪುರಕ್ಕೆ ಬಂದು, ಅಲ್ಲಿಂದ ಮನಗೂಳಿ, ನಿಡಗುಂದಿಗಳ ಮೇಲೆ ಹೊಸಪೇಟೆಗೆ ಹೋಗುವ 50ನೆಯ ರಾಷ್ಟ್ರೀಯ ಹೆದ್ದಾರಿ. ಸೊಲ್ಲಾಪುರದಿಂದ ಇಂಡಿ ತಾಲ್ಲೂಕಿನ ಹೊರ್ತಿಯ ಮೇಲೆ ಇಳಿದುಬರುವ 52ನೆಯದು. ಇವುಗಳಿಗೆ ಕೂಡಿಕೊಳ್ಳುವ, ಅಂಚಿನಲ್ಲಿ ಡಾಂಬರು ಮುರಿದು ಮೊಳದುದ್ದದ ಕೊರಕಲು ಬಿದ್ದಿರುವ ಒಳರಸ್ತೆಗಳು. ಕಬ್ಬು ನುರಿಸುವ ಹಂಗಾಮು ಬಂತೆಂದರೆ, ಎರಡೆರಡು ಟ್ರೇಲರುಗಳಿಗೆ ಎತ್ತರಕ್ಕೆ ಕಬ್ಬು ಹೇರಿ, ಹಿಂದೆ ಕೆಂಪು ದೀಪವಾಗಲಿ ರಿಫ್ಲೆಕ್ಟರಾಗಲಿ ಇಲ್ಲದೆ, ಮುಂದೆ ಮಾತ್ರ ಕಿವಿ ಗಡಚಿಕ್ಕುವ ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ರಾತ್ರಿಯಿಡೀ ಓಡಾಡುತ್ತವೆ. ಕಬ್ಬಿನ ಗಳೆಗಳು ಪಕ್ಕಕ್ಕೆ ಚಾಚಿರುವ ಆ ಸಾಲನ್ನು ಹಿಂದೆ ಹಾಕಲೆಂದು ಲಾರಿಯೊಂದು ಬಲಕ್ಕೆ ಹೊರಳಿದಾಗ, ಎದುರಿನಿಂದ ಬರುವ ಸೈಕಲ್ಲಿನವನು ಸರಿಯಬೇಕಾದದ್ದು ಆ ಕೊರಕಲಿಗೇ. ಸರಿದರೆ ಬೀಳುತ್ತಾನೆ, ಸರಿಯದಿದ್ದರೆ ‘ಅಡ್ಡ ಬಂದವ’ನಾಗುತ್ತಾನೆ.

ಈ ‘ಅಡ್ಡ ಬಂದ’ ಎಂಬ ಮಾತು ವರದಿಗೆ ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸಬೇಕು. ಅಪಘಾತದ ಸ್ಥಳದಲ್ಲಿ ಮಾತಾಡಬಲ್ಲ ಸ್ಥಿತಿಯಲ್ಲಿ ಉಳಿದವನು ಚಾಲಕನೊಬ್ಬನೇ. ಅವನು ಠಾಣೆಯಲ್ಲಿ ಹೇಳಿದ್ದು ಪೊಲೀಸರ ಬಾಯಿಗೆ ಬರುತ್ತದೆ, ಪೊಲೀಸರು ಹೇಳಿದ್ದು ವಾಟ್ಸಾಪ್ ಗುಂಪಿನ ಮೂಲಕ ಬಾತ್ಮೀದಾರನಿಗೆ ತಲಪುತ್ತದೆ, ಬಾತ್ಮೀದಾರನು ಬರೆದದ್ದು ಡೆಸ್ಕಿನಲ್ಲಿ ‘ಚಾಲಕನು ತಿಳಿಸಿದ್ದಾನೆ’ ಎಂಬ ಪದಗಳನ್ನು ಕಳೆದುಕೊಂಡು ಸತ್ಯಸಂಗತಿಯ ರೂಪದಲ್ಲಿ ಹೊರಬೀಳುತ್ತದೆ. ಸತ್ತವನ ಪಕ್ಷದಿಂದ ಹೇಳತಕ್ಕವರು ಯಾರು? ಆ ಹೊತ್ತಿಗೆ ಅವನ ಮನೆಯವರು ಶವಾಗಾರದ ಮುಂದೆ ಕುಳಿತಿರುತ್ತಾರೆ, ಕೇಳಿದರೂ ಅವರು ಹೇಳುವುದಿಷ್ಟೆ: “ಹಿಂದಿಂದ ಬಡದು ಹೋಗ್ಯಾನ್ರೀ, ನಾವು ಯಾರೂ ನೋಡಿಲ್ಲ.”

ಮನುಷ್ಯರು ಮಾತಾಡದಿದ್ದರೂ ವಸ್ತುಗಳು ಮಾತಾಡುತ್ತವೆ. ಠಾಣೆಯ ಅಂಗಳದಲ್ಲಿ ಗೋಡೆಗೆ ಒರಗಿಸಿಟ್ಟ ಸೈಕಲ್ಲಿನ ಮುಂದಿನ ಗಾಲಿ, ಹ್ಯಾಂಡಲ್ಲು, ಗಂಟೆ ಎಲ್ಲವೂ ನೆಟ್ಟಗಿದ್ದು, ಹಿಂದಿನ ಗಾಲಿಯೊಂದೇ ಒಳಮುಖವಾಗಿ ಮಡಚಿ, ಮಡ್‌ಗಾರ್ಡು ಸೀಟಿಗೆ ತಾಗುವಂತೆ ಮೇಲಕ್ಕೆದ್ದು, ಕ್ಯಾರಿಯರಿನ ಸರಳು ಚೈನಿನ ಮೇಲೆ ಬಾಗಿದ್ದರೆ, ಪೆಟ್ಟು ಬಿದ್ದದ್ದು ಹಿಂದಿನಿಂದಲೇ ಎಂಬುದಕ್ಕೆ ಬೇರೆ ಸಾಕ್ಷಿಯ ಅವಶ್ಯಕತೆ ಹೆಚ್ಚಾಗಿ ಇರದು. ಅಡ್ಡ ಬಂದವನ ಸೈಕಲ್ಲು ನಡುವೆ ಮುರಿಯುತ್ತದೆ. ಬಾತ್ಮೀದಾರನು ಠಾಣೆಯ ಒಳಗೆ ಹೋಗುವ ಮುನ್ನ ಅಂಗಳದಲ್ಲಿ ಎರಡು ನಿಮಿಷ ನಿಂತು ನೋಡಿದ್ದರೂ ಸಾಕಿತ್ತು.

ಪತ್ರಿಕೆಯ ತುಣುಕನ್ನು ಯಾವ ನ್ಯಾಯಾಧೀಶರೂ ಸಾಕ್ಷ್ಯವೆಂದು ಸ್ವೀಕರಿಸುವುದಿಲ್ಲವಲ್ಲ, ಹಾಗಿದ್ದಮೇಲೆ ವರದಿಯ ನಾಲ್ಕು ಸಾಲಿನಿಂದ ಆಗುವ ಹಾನಿಯೇನು ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಹಾನಿಯಾಗುವುದು ನ್ಯಾಯಾಲಯದ ಹೊರಗೆ. ‘ಅವನದೇ ತಪ್ಪಂತೆ’ ಎಂಬ ಮಾತು ಊರಲ್ಲಿ ಒಮ್ಮೆ ನಿಂತಮೇಲೆ, ಕಣ್ಣಾರೆ ಕಂಡ ಪಾನ್ ಅಂಗಡಿಯವನು ಸಾಕ್ಷಿ ಹೇಳಲು ಹಿಂಜರಿಯುತ್ತಾನೆ. ಹಿರಿಯರು ನಡುವೆ ಕುಳಿತು ‘ಆದದ್ದು ಆಯಿತು’ ಎಂದು ರಾಜಿ ಮಾಡಿಸುತ್ತಾರೆ. ವಿಧವೆಗೂ ತನ್ನ ಗಂಡನದೇ ತಪ್ಪಿದ್ದೀತೆಂಬ ಸಂದೇಹ ಅಂಟಿಕೊಳ್ಳುತ್ತದೆ.

ಕಾನೂನು ಈ ಸಾವುಗಳನ್ನು ಹೇಗೆ ತೂಗುತ್ತ ಬಂದಿದೆಯೆಂಬುದನ್ನೂ ಓದುಗರು ತಿಳಿದಿರಬೇಕು. ಭಾರತೀಯ ದಂಡ ಸಂಹಿತೆಗೆ 1870ರಲ್ಲಿ, ಎಂದರೆ ಈ ದೇಶದ ರಸ್ತೆಗೆ ಮೋಟಾರು ಬರುವುದಕ್ಕೂ ಬಹಳ ಮುಂಚೆ, ಸೇರಿಸಲಾದ 304 ಎ ಕಲಮೇ ಮೊನ್ನೆಮೊನ್ನೆಯವರೆಗೆ ಇಂಥ ಪ್ರಕರಣಗಳಿಗೆ ಅನ್ವಯಿಸುತ್ತಿತ್ತು. ಹೆಚ್ಚೆಂದರೆ ಎರಡು ವರ್ಷ ಸೆರೆ, ಅಥವಾ ಬರೀ ದಂಡ. ನಮ್ಮ ರಾಜ್ಯದ್ದೇ ಒಂದು ಪ್ರಕರಣದಲ್ಲಿ, ಮನುಷ್ಯನೊಬ್ಬನ ಸಾವಿಗೆ ಕಾರಣನಾದ ಚಾಲಕನಿಗೆ ಕೆಳಗಿನ ನ್ಯಾಯಾಲಯವು 250 ರೂಪಾಯಿ ದಂಡ ಹಾಕಿ ಕಳಿಸಿತ್ತು. ಕರ್ನಾಟಕ ಸರ್ಕಾರವು ಸರ್ವೋಚ್ಚ ನ್ಯಾಯಾಲಯದ ವರೆಗೆ ಹೋದ ಮೇಲೆ, 1987ರಲ್ಲಿ, ಇಂಥ ಶಿಕ್ಷೆಯು ಯಾರ ಅಂತಃಕರಣಕ್ಕಾದರೂ ಆಘಾತವನ್ನುಂಟುಮಾಡುವಂಥದೆಂದು ಹೇಳಿ ಆ ನ್ಯಾಯಾಲಯವು ಶಿಕ್ಷೆಯನ್ನು ಹೆಚ್ಚಿಸಿತು. ಅದೇ ನ್ಯಾಯಾಲಯವು 1998ರಲ್ಲಿ, ಕರ್ನಾಟಕ ಸರ್ಕಾರವೇ ತಂದ ಇನ್ನೊಂದು ಮೇಲ್ಮನವಿಯಲ್ಲಿ, ವಾಹನವು ‘ಹೆಚ್ಚಿನ ವೇಗ’ದಲ್ಲಿತ್ತೆಂಬ ಸಾಕ್ಷ್ಯವೊಂದರಿಂದಲೇ ಅಜಾಗರೂಕತೆ ಸಿದ್ಧವಾಗದು, ವೇಗವೆಂಬುದು ಸಾಪೇಕ್ಷವಾದದ್ದು ಎಂದು ವಿಧಿಸಿ ಬಿಡುಗಡೆಯನ್ನು ಎತ್ತಿಹಿಡಿಯಿತು. ಎರಡೂ ತೀರ್ಪುಗಳು ತಮ್ಮ ತಮ್ಮ ಮಿತಿಯಲ್ಲಿ ಸರಿಯಾದವೇ. ಆದರೆ ಎರಡನೆಯದರ ತಾತ್ಪರ್ಯ ಸ್ಪಷ್ಟ: ತನಿಖೆಯ ಮೊದಲ ದಿನವೇ ಟೈರಿನ ಗುರುತು, ಢಿಕ್ಕಿಯ ದಿಕ್ಕು, ಸೈಕಲ್ಲು ಬಿದ್ದ ಜಾಗ ಇವು ಸ್ಥಳ ಪಂಚನಾಮೆಯಲ್ಲಿ ಸರಿಯಾಗಿ ದಾಖಲಾಗದಿದ್ದರೆ, ಆಮೇಲೆ ‘ಜೋರಾಗಿ ಬಂದ’ ಎಂಬ ನೂರು ಹೇಳಿಕೆಗಳಿಂದಲೂ ಪ್ರಯೋಜನವಿಲ್ಲ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106(1)ನೆಯ ಕಲಮು ಗರಿಷ್ಠ ಶಿಕ್ಷೆಯನ್ನು ಐದು ವರ್ಷಕ್ಕೆ ಏರಿಸಿದೆ. ಢಿಕ್ಕಿ ಹೊಡೆದು, ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಪರಾರಿಯಾಗುವವನಿಗೆ ಹತ್ತು ವರ್ಷದವರೆಗೆ ಶಿಕ್ಷೆಯೆಂದು ಹೇಳುವ 106(2)ನೆಯದನ್ನು ಮಾತ್ರ ಅಂದು ಜಾರಿಗೆ ತರಲಿಲ್ಲ. ಆ ವರ್ಷದ ಜನವರಿಯ ಮೊದಲ ದಿನಗಳಲ್ಲಿ ಲಾರಿ ಚಾಲಕರು ದೇಶದ ಅನೇಕ ಭಾಗಗಳಲ್ಲಿ ಮುಷ್ಕರ ಹೂಡಿದ್ದು ಇದೇ ಕಲಮಿಗಾಗಿ. ಚಾಲಕರ ಭಯವನ್ನು ನಾನು ಹಗುರವಾಗಿ ಕಾಣುವವನಲ್ಲ. ಅವರೂ ಬಡವರೇ, ನಿದ್ದೆಗೆಟ್ಟು ದುಡಿಯುವವರೇ. ಅಪಘಾತದ ಸ್ಥಳದಲ್ಲಿ ನಿಂತರೆ ಗುಂಪು ಹೊಡೆದು ಕೊಂದೀತೆಂಬ ಅವರ ಅಂಜಿಕೆ ಕಲ್ಪನೆಯದಲ್ಲ. ಆದರೆ ಆ ಕಲಮು ಅವರನ್ನು ಸ್ಥಳದಲ್ಲಿಯೇ ನಿಲ್ಲಬೇಕೆಂದು ಕೇಳಿರಲಿಲ್ಲ. ಮುಂದಿನ ಠಾಣೆಗಾದರೂ ಹೋಗಿ ತಿಳಿಸಿರಿ ಎಂದಷ್ಟೇ ಕೇಳಿತ್ತು. ಈ ಒಂದು ಸಂಗತಿಯನ್ನು ಬಿಡಿಸಿ ಹೇಳಬಹುದಾಗಿದ್ದ ಆ ವಾರದಲ್ಲಿ ಪತ್ರಿಕೆಗಳು ಪೆಟ್ರೋಲ್ ಬಂಕುಗಳ ಮುಂದಿನ ಸಾಲಿನ ಚಿತ್ರಗಳನ್ನು ಅಚ್ಚು ಹಾಕುವುದರಲ್ಲಿ ಮಗ್ನವಾಗಿದ್ದವು. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ರಸ್ತೆಯಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕೊಂದ ವಾಹನಗಳು ನಿಲ್ಲದೆ ಹೋದವು. ಆ ಮಂದಿಗೆ ಮುಷ್ಕರ ಹೂಡುವ ಸಂಘವಿರಲಿಲ್ಲ.

ಪರಿಹಾರದ ವಿಷಯದಲ್ಲಿ ಪತ್ರಿಕೆಯ ಮೌನವು ಇನ್ನೂ ದುಬಾರಿಯಾದುದು. ವಾಹನವು ಪತ್ತೆಯಾಗದಿದ್ದಲ್ಲಿ, 2022ರ ಏಪ್ರಿಲ್ 1ರಿಂದ ಮೃತನ ಕುಟುಂಬಕ್ಕೆ ಎರಡು ಲಕ್ಷ ರೂಪಾಯಿ ಸಲ್ಲಬೇಕು. ಅದಕ್ಕೆ ಮುಂಚೆ ಇದ್ದದ್ದು 25,000. ಇದಕ್ಕೆ ಮೊಕದ್ದಮೆ ಬೇಡ, ತಪ್ಪು ಯಾರದೆಂಬ ವಾದ ಬೇಡ, ಅರ್ಜಿಯೊಂದು ಸಾಕು. ಆದರೂ 2022–23ರಲ್ಲಿ ಇಡೀ ದೇಶದಿಂದ ಬಂದ ಅರ್ಜಿಗಳು 205, ಇತ್ಯರ್ಥವಾದವು 95. ಈ ಅಂಕಿಗಳನ್ನು ಸರ್ವೋಚ್ಚ ನ್ಯಾಯಾಲಯವೇ 2024ರ ಜನವರಿಯಲ್ಲಿ ತನ್ನ ಆದೇಶದಲ್ಲಿ ನಮೂದಿಸಿ, ಯೋಜನೆಯ ವಿಷಯವನ್ನು ಪೊಲೀಸರು ಸಂತ್ರಸ್ತರಿಗೆ ತಿಳಿಸಬೇಕೆಂದು ಅಪ್ಪಣೆ ಮಾಡಿತು. ‘ಅಪರಿಚಿತ ವಾಹನ ಡಿಕ್ಕಿ’ ಎಂದು ಬರೆಯುವ ಕೈಗೆ, ಕೆಳಗೆ ಈ ಒಂದು ಸಾಲನ್ನು ಸೇರಿಸುವುದು ಭಾರವಾಗಬಾರದು. ವಾಹನವು ಪತ್ತೆಯಾದ ಪ್ರಕರಣಗಳಲ್ಲಿಯೂ, ‘ಸವಾರನು ಏಕಾಏಕಿ ರಸ್ತೆಯ ಮಧ್ಯಕ್ಕೆ ಬಂದನು’ ಎಂಬುದು ವಿಮಾ ಕಂಪನಿಗಳ ಸಿದ್ಧ ತಕರಾರು. ಅದು ಗೆದ್ದಷ್ಟು ಪ್ರಮಾಣದಲ್ಲಿ ಪರಿಹಾರದ ಮೊತ್ತ ಕಡಿತವಾಗುತ್ತದೆ. ಕಬ್ಬಿನ ಟ್ರ್ಯಾಕ್ಟರಾಗಿದ್ದರೆ, ಕೃಷಿಗೆಂದು ವಿಮೆ ಮಾಡಿಸಿದ್ದನ್ನು ಬಾಡಿಗೆಗೆ ಹೊಡೆಯಲಾಗಿದೆಯೆಂಬ ಇನ್ನೊಂದು ತಕರಾರೂ ಅದಕ್ಕೆ ಕೂಡಿಕೊಳ್ಳುತ್ತದೆ.

ಪತ್ರಿಕೆ ಮನಸ್ಸು ಮಾಡಿದರೆ ಏನಾದೀತೆಂಬುದಕ್ಕೆ ನೆದರ್ಲೆಂಡ್ಸಿನ ದೃಷ್ಟಾಂತವಿದೆ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಅಪಘಾತದಲ್ಲಿ ತನ್ನ ಮಗಳನ್ನು ಕಳೆದುಕೊಂಡಿದ್ದ ವಿಕ್ ಲಾಂಗೆನ್‌ಹಾಫ್ ಎಂಬ ಪತ್ರಕರ್ತನು, ಮಕ್ಕಳ ಈ ಕೊಲೆಯನ್ನು ನಿಲ್ಲಿಸಿರೆಂದು ‘ದೆ ಟೆಯ್ಡ್’ ಪತ್ರಿಕೆಯಲ್ಲಿ 1972ರಲ್ಲಿ ಲೇಖನ ಬರೆದನು. ಅದೇ ಹೆಸರಿನಲ್ಲಿ ಜನರು ಚಳವಳಿ ಹೂಡಿದರು. ಈಗ ಆ ದೇಶದ ಕಾನೂನಿನಂತೆ, ಮೋಟಾರು ಸೈಕಲ್ಲಿಗೆ ಢಿಕ್ಕಿ ಹೊಡೆದಾಗ ನಷ್ಟದ ಹೊಣೆಯು ಮೊದಲಿಗೆ ಮೋಟಾರಿನವನದು. ಸವಾರನು ಹದಿನಾಲ್ಕು ವರ್ಷದೊಳಗಿನ ಮಗುವಾಗಿದ್ದರೆ, ಅದು ಅಡ್ಡ ಬಂದಿತೆಂಬ ಸಬೂಬು ಪ್ರಾಯಶಃ ಕೇಳಿಸಿಕೊಳ್ಳಲ್ಪಡುವುದೇ ಇಲ್ಲ. ಅಂಥ ಶಾಸನವು ನಮ್ಮಲ್ಲಿ ನಾಳೆಯೇ ಬಂದೀತೆಂಬ ಭ್ರಮೆ ನನಗಿಲ್ಲ.

ಆದರೆ ಬಾತ್ಮೀದಾರನ ಕೈಯಲ್ಲಿರುವುದನ್ನು ಮಾಡಲು ಹೊಸ ಶಾಸನ ಬೇಕಿಲ್ಲ. ಚಾಲಕನು ಹೇಳಿದ್ದನ್ನು ಚಾಲಕನು ಹೇಳಿದ್ದೆಂದೇ ಬರೆಯಲಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕು ಕಡೆಯೂ ನ್ಯಾಯಾಲಯಗಳಿವೆ, ಮೊದಲ ದಿನದ ನಾಲ್ಕು ಸಾಲು ಬರೆದವನೇ ತೀರ್ಪಿನ ದಿನದ ನಾಲ್ಕು ಸಾಲನ್ನೂ ಬರೆಯಲಿ. ಅಲೆದಾಟಕ್ಕೆ ಪುರಸತ್ತಿಲ್ಲವೆಂಬ ಕಾರಣವೂ ಈಗ ಉಳಿದಿಲ್ಲ: ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ, ಇಸವಿ, ಈ ಮೂರನ್ನು ಇ-ಕೋರ್ಟ್ಸ್ ತಾಣದಲ್ಲಿ ಒತ್ತಿದರೆ, ಪ್ರಕರಣವು ಯಾವ ಹಂತದಲ್ಲಿದೆ, ಮುಂದಿನ ತಾರೀಖು ಯಾವುದು ಎಂಬುದು ಮೊಬೈಲಿನಲ್ಲಿಯೇ ಕಾಣಿಸುತ್ತದೆ.